ಚೆಲ್ಲಿದ ಕಟ್ಟು

೧೧ ಜುಲೈ ೨೦೨೪, ಗುರುವಾರ. ಮಧುಗಿರಿ.

ಸೊಸೆ ಸ್ಪಂದನಾ ಇವತ್ತು ಬಸ್ಸಾರಿನ ಕಟ್ಟನ್ನೇ ಸಿಂಕಿಗೆ ಸುರಿದಳು. ಮಂಡಿನೋವೆಂದು ಒಲೆಯನ್ನು ಅವಳಿಗೆ ಬಿಟ್ಟು ನಾನು ಸ್ಟೂಲಿನ ಮೇಲೆ ಕೂತು ಹೇಳಿಕೊಡುತ್ತಿದ್ದೆ. ಎರಡು ಹಿಡಿ ಅಲಸಂದೆ ಕಾಳು, ಹಿತ್ತಲಿನ ದಂಟಿನ ಸೊಪ್ಪು. ಬೇಯಿಸಿ ಬಸಿದರೆ ಸೊಪ್ಪುಕಾಳು ಪಲ್ಯಕ್ಕೆ, ಬಸಿದ ಕಟ್ಟು ಸಾರಿಗೆ. ಇದಕ್ಕಿಂತ ಸುಲಭದ ಅಡುಗೆ ಯಾವುದಿದೆ? ಬಸಿ ಎಂದಿದ್ದೆ, ಚೆಲ್ಲು ಎಂದಿರಲಿಲ್ಲ.

“ಕಟ್ಟು ಎಲ್ಲಮ್ಮ?”

“ಬಸಿ ಅಂದ್ರಿ, ಬಸದೇನ್ರಿ ಅತ್ತಿ. ಆ ನೀರೂ ಬೇಕಿತ್ತೇನ್ರಿ?”

ಗದಗದ ಕಡೆಯವಳು, ರೊಟ್ಟಿ ತಿಂದು ಬೆಳೆದವಳು ಎಂದು ಇಷ್ಟು ದಿನ ಸುಮ್ಮನಿದ್ದೆ. ಇವತ್ತು ಬಾಯಿಗೆ ಬಂದಂತೆ ಬೈದೆ. ಅವಳು ಪಲ್ಯಕ್ಕೆ ಒಗ್ಗರಣೆ ಹಾಕಿದಳು.

ಮಗ ಅಶ್ವತ್ಥ ಕೆಲಸದಿಂದ ಬಂದು ಮುದ್ದೆಗೆ ಪಲ್ಯ, ಮೊಸರು ಹಾಕಿಕೊಂಡು ಉಂಡ.

“ಇವತ್ತು ಊಟ ಸಕತ್ತಾಗೈತೆ ಕಣವ್ವ. ದಿನಾ ಇಂಗೇ ಮಾಡ್ಬುಡಿ.”

ನಮ್ಮವರು ಹೂಂ ಎಂದು ಇನ್ನೊಂದು ಮುದ್ದೆ ಹಾಕಿಸಿಕೊಂಡರು.

ಸೊಸೆಯ ಮೇಲಿನ ಸಿಟ್ಟು ಆಗಲೇ ಇಳಿಯಿತು. ಇವರಿಬ್ಬರ ಮೇಲಿನದು ಇಳಿಯುತ್ತಿಲ್ಲ. ಮದುವೆಯಾಗಿ ಬಂದಾಗಿನಿಂದ ಈ ಮನೆಗೆ ಸಾರು ಕಾಯಿಸಿದ್ದೇನೆ. ತಟ್ಟೆಯಲ್ಲಿ ಅದಿಲ್ಲ ಎಂಬುದು ಒಬ್ಬರಿಗೂ ಗೊತ್ತಾಗಲಿಲ್ಲ.