ಒಬ್ಬರು ನಿಂತಿರಬೇಕು

ಅಂತರಸಂತೆ ಹತ್ತಿರ,
ಎಚ್.ಡಿ. ಕೋಟೆ ತಾಲ್ಲೂಕು
೧೦-೧-೨೦೨೬, ಶನಿವಾರ

ಪ್ರೀತಿಯ ಪವಿ,

ಇಲ್ಲಿ ನಾನು ಕ್ಷೇಮ ಎಂದು ಬರೆದೇ ಕಾಗದ ಶುರು ಮಾಡಬೇಕು ಅಂತ ನಮ್ಮ ಮೇಷ್ಟರು ಕಲಿಸಿದ್ದರು. ಆ ಸಾಲನ್ನು ಸದ್ಯಕ್ಕೆ ಬಿಟ್ಟಿರುತ್ತೇನೆ. ಮೊದಲು ಮುಖ್ಯವಾದ ಮಾತು. ಸೋಮವಾರ ಬೆಳಿಗ್ಗೆ ಇಲ್ಲಿಗೆ ಲಾನ್ ಹುಲ್ಲು ತರುವ ಶಂಕರನ ಲಾರಿ ಭೇರ್ಯಕ್ಕೆ ಬಂದಾಗ ನೀನು ಹತ್ತಬೇಡ. ಮಗು ಸಿಂಧುವನ್ನಂತೂ ಹತ್ತಿಸಲೇಬೇಡ. ನಿನ್ನ ಜೊತೆ ಕಳೆ ಕೀಳಲು ಹೊರಟಿರುವ ಐದು ಜನ ಹೆಂಗಸರಿಗೂ ಬೇಡ ಎಂದು ಹೇಳು.

ಫೋನ್ ಇಟ್ಟುಕೊಂಡು ಅಕ್ಕ ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡ. ಈ ರೆಸಾರ್ಟಿನಲ್ಲಿ ಸಿಗ್ನಲ್ ಸಿಗುವುದು ಆಫೀಸಿನ ಜಗಲಿಯಲ್ಲಿ ಮಾತ್ರ. ಅಲ್ಲಿ ಮ್ಯಾನೇಜರ್ ಚೇತನ್‌ಕುಮಾರ್ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಆ ಕಡೆ ನೀನೋ, ಫೋನನ್ನು ಸ್ಪೀಕರಿಗೆ ಹಾಕಿ ಮುದ್ದೆ ಕಟ್ಟುವವಳು. ನಾನು ಹೇಳುವುದು ನಮ್ಮವ್ವನ ಕಿವಿಗೆ ಬಿದ್ದರೆ ಅವತ್ತೇ ಅವಳು ಹಾಸಿಗೆ ಹಿಡಿಯುತ್ತಾಳೆ. ಅದಕ್ಕೇ ಶಂಕರನ ಕೈಯಲ್ಲಿ ಕಳಿಸುತ್ತಿದ್ದೇನೆ. ಮಧ್ಯಾಹ್ನ ಅವನು ಖಾಲಿ ಲಾರಿ ತೆಗೆದುಕೊಂಡು ಊರ ಕಡೆ ಹೊರಡುತ್ತಾನೆ.

ನಿನ್ನೆ ಈ ಕಾಗದವನ್ನು ಬೇರೆ ಥರ ಬರೆದಿದ್ದೆ. ಧನುರ್ಮಾಸದ ಚಳಿ ಜಾಸ್ತಿ, ಬೆಳಿಗ್ಗೆ ಪೈಪಿನ ನೀರು ಮುಟ್ಟಿದರೆ ಬೆರಳು ಸೆಡೆಯುತ್ತದೆ, ಮಗುವಿಗೆ ಕೆಮ್ಮು ಬರುತ್ತದೆ ಎಂದೆಲ್ಲ ಎರಡು ಪುಟ. ಓದಿ ನೋಡಿ ಹರಿದು ಹಾಕಿದೆ. ಚಳಿ ಎಂದರೆ ಎರಡು ಸ್ವೆಟರ್ ಹಾಕಿಕೊಂಡು ಬಂದು ನನ್ನನ್ನೇ ಆಡಿಕೊಳ್ಳುವ ಪೈಕಿ ನೀನು.

ನಿಜ ಹೇಳುತ್ತೇನೆ, ಕೇಳು. ನಾವು ಹಾಸಿರುವ ಲಾನ್ ಕಾಡಿನ ಅಂಚಿಗೇ ಇದೆ. ನಡುವೆ ಇರುವುದು ಒಂದು ಆನೆ ಕಂದಕ, ಅದೂ ಒಂದು ಕಡೆ ಕುಸಿದಿದೆ. ಫೆಬ್ರವರಿಯಲ್ಲಿ ಇಲ್ಲಿ ಯಾರದೋ ದೊಡ್ಡವರ ಮನೆ ಮದುವೆ, ಅಷ್ಟರೊಳಗೆ ಹಸಿರಾಗಿರಬೇಕು ಎಂದು ಚೇತನ್ ಸರ್ ಹಟ. ಚಳಿಯಲ್ಲಿ ಹುಲ್ಲು ಬೇರು ಹಿಡಿಯುವುದಿಲ್ಲ ಸರ್, ಯುಗಾದಿ ಕಳೆಯಲಿ ಎಂದು ಹೇಳಿ ನೋಡಿದೆ. ಕೇಳಲಿಲ್ಲ. ಸರಿ, ನಾವೂ ಬಿಡಲಿಲ್ಲ. ಕಲ್ಲು ಆರಿಸಿ, ಮರಳು ಗೊಬ್ಬರ ಹರಡಿ, ಹಲಗೆ ಎಳೆದು ಮಟ್ಟ ಮಾಡಿ, ನಮ್ಮ ಹೊಸ ಅಗ್ರಹಾರದ ತೋಟದಿಂದ ಬಂದ ಹುಲ್ಲಿನ ಚಾಪೆಗಳನ್ನು ಇಟ್ಟಿಗೆ ಜೋಡಿಸಿದ ಹಾಗೆ ಜೋಡಿಸಿದೆವು. ದಿನಕ್ಕೆ ಮೂರು ಸಲ ನೀರು. ಹಾಸಿದ್ದು ನಾನು, ಪವಿ. ಜಂಬ ಪಟ್ಟುಕೊಂಡೆ. ಸುತ್ತ ಕಾಡೆಲ್ಲ ಒಣಗಿ ನಿಂತಿದೆ, ನನ್ನ ಹುಲ್ಲು ಮಾತ್ರ ಹಸಿರಾಗಿದೆ.

ಆ ಹಸಿರು ಜಿಂಕೆಗಳಿಗೂ ಕಂಡಿತು. ಮೊದಲು ನಾಲ್ಕು ಬಂದವು, ಆಮೇಲೆ ಹಿಂಡೇ ಬಂತು. ಬೆಳಗಾಗುವ ಹೊತ್ತಿಗೆ ಲಾನ್ ತುಂಬ ನಿಂತಿರುತ್ತವೆ. ಹೊಸ ಚಾಪೆಗಳನ್ನು ಬಾಯಲ್ಲಿ ಎಳೆದು ಹಾಕುತ್ತವೆ ಎಂದು ನಾನು ಓಡಿಸಲು ಹೋದರೆ ಚೇತನ್ ಸರ್ ಬೈದರು. ಬಂದ ಗೆಸ್ಟುಗಳು ಕಾಫಿ ಕುಡಿಯುತ್ತ ಫೋಟೋ ತೆಗೆಯುತ್ತಾರಂತೆ. ಜಿಂಕೆ ಬಂದ ಮೇಲೆ ಅದರ ಹಿಂದೆ ಏನು ಬರುತ್ತದೆ ಎಂದು ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಕಾಲುವೆ ನೀರಿನ ಊರಲ್ಲಿ ಬೆಳೆದ ನನಗೆ ಗೊತ್ತಾಗಲಿಲ್ಲ.

ಗೊತ್ತಿದ್ದವಳು ಪುಟ್ಟಮಾದಮ್ಮ. ಇಲ್ಲಿನ ಕಾಡಂಚಿನ ಹಾಡಿಯವಳು, ಇನ್ನೂ ಮೂವರನ್ನು ಕರೆದುಕೊಂಡು ಕಳೆ ಕೀಳಲು ಬರುತ್ತಿದ್ದಳು. ಹೊಸ ಹುಲ್ಲಿನ ಜೊತೆ ಕೊನ್ನಾರಿ ಗೆಡ್ಡೆ ಬಂದೇ ಬರುತ್ತದೆ, ಕುಕ್ಕುರುಗಾಲಲ್ಲಿ ಕೂತು ಒಂದೊಂದೇ ಕೀಳಬೇಕು. ಆ ನಾಲ್ವರಲ್ಲಿ ಮೂವರು ಕೂತರೆ ಒಬ್ಬಳು ಮಾತ್ರ ಕಾಡಿನ ಕಡೆ ಮುಖ ಮಾಡಿ ಸುಮ್ಮನೆ ನಿಂತಿರುವಳು. ಸ್ವಲ್ಪ ಹೊತ್ತಿಗೆ ಅವಳು ಕೂತು ಇನ್ನೊಬ್ಬಳು ಏಳುವಳು. ನಮ್ಮ ಗದ್ದೆಯಲ್ಲಿ ಹೀಗೆ ನಿಂತರೆ ಬಿಡುತ್ತಾರಾ? ನನಗೆ ಮೈಯೆಲ್ಲ ಉರಿಯಿತು. ನಿಂತುಕೊಂಡೇ ಕೂಲಿ ತೆಗೆದುಕೊಳ್ಳುತ್ತೀಯಲ್ಲ, ನಾಚಿಕೆ ಆಗಲ್ಲವಾ ಎಂದು ಎಲ್ಲರ ಎದುರು ಕೇಳಿದೆ. ಆಗ ನಿಂತಿದ್ದ ಪುಟ್ಟಮಾದಮ್ಮ ಜಗಳ ಆಡಲಿಲ್ಲ. “ಒಬ್ರು ಬಗ್ಗಿದ್ರೆ ಒಬ್ರು ನಿಂತಿರ್ಬೇಕು ಕಣವ್ವ. ಬಗ್ಗಿದೋರು ಅದ್ರ ಕಣ್ಗೆ ಮನ್ಸ್ರಲ್ಲ,” ಅಂದಳು. ಅದು ಅಂದರೆ ಯಾವುದು ಎಂದು ನಾನು ಕೇಳಲಿಲ್ಲ, ಅವಳೂ ಹೆಸರು ಹೇಳಲಿಲ್ಲ. ಸೋಮಾರಿಗಳ ಕಥೆ ಎಂದುಕೊಂಡು ನಾಲ್ವರನ್ನೂ ಒಂದೇ ಸಾಲಿನಲ್ಲಿ ಕೂರಿಸಿದೆ. ಎರಡು ದಿನ ಕೂತರು. ಹೊಸ ವರ್ಷದ ದಿನದಿಂದ ಯಾರೂ ಬರಲಿಲ್ಲ.

ಉಳಿದದ್ದು ನಾನು ಮತ್ತು ಹೊಸ ಅಗ್ರಹಾರದ ರಾಚಮ್ಮ ಇಬ್ಬರೇ. ಚೇತನ್ ಸರ್ ನಿಮ್ಮ ಕಡೆ ಜನ ಕರೆಸಿ ಅಂದರು. ನಮ್ಮವರು ಬೇಗ ಕೆಲಸ ಮಾಡುತ್ತಾರೆ, ಸಾಲು ಹಿಡಿದರೆ ತಲೆ ಎತ್ತುವುದಿಲ್ಲ ಎಂದು ಹೆಮ್ಮೆಯಿಂದ ಹೇಳಿ ನಿನಗೆ ಫೋನ್ ಮಾಡಿದೆ.

ಮೊನ್ನೆ ಬುಧವಾರ ಬೆಳಿಗ್ಗೆ ಕಂದಕದ ಪಕ್ಕದ ಮೂಲೆಗೆ ಹೋದೆ. ಸೋಮವಾರ ಬರುವ ಹುಲ್ಲಿಗಾಗಿ ಅಲ್ಲಿ ಮರಳು ಹಾಸಿ ಮಟ್ಟ ಮಾಡಿ ಬಿಟ್ಟಿದ್ದೆವು. ಆ ಮರಳಿನ ಮೇಲೆ ಹೆಜ್ಜೆ. ಉಗುರಿನ ಗುರುತಿಲ್ಲ, ಹಾಗಾಗಿ ನಾಯಿಯದ್ದಲ್ಲ. ಬೆರಳು ಅಗಲಿಸಿ ಅಂಗೈ ಇಟ್ಟು ನೋಡಿದೆ, ಹೆಜ್ಜೆ ಮುಚ್ಚಲಿಲ್ಲ. ಎರಡು ಮಾರು ಮುಂದೆ ಮರಳು ಅಗಲವಾಗಿ ಅದುಮಿಕೊಂಡಿತ್ತು. ಬಹಳ ಹೊತ್ತು ಮಲಗಿ ಎದ್ದು ಹೋಗಿದೆ. ಮುಂಗಾಲು ಚಾಚಿದ್ದ ಗುರುತು ಇದ್ದದ್ದು ನಾನೂ ರಾಚಮ್ಮನೂ ದಿನಾ ಕೂರುವ ಕಡೆಗೆ. ನೀರು ತುಂಬಿದ ಕಬ್ಬಿಣದ ರೋಲರ್ ಪಕ್ಕದಲ್ಲೇ ಇತ್ತು. ಅದನ್ನು ಎಳೆದುಕೊಂಡು ಬಂದು ಎಲ್ಲವನ್ನೂ ಉರುಳಿಸಿ ಅಳಿಸಿದೆ. ಯಾರಿಗೂ ಹೇಳಲಿಲ್ಲ.

ಮಾರನೆಯ ದಿನ ಲಾನಿನ ನಡುವೆ ಜಿಂಕೆ ಸತ್ತು ಬಿದ್ದಿತ್ತು. ಹಿಂಭಾಗ ಪೂರ್ತಿ ಇರಲಿಲ್ಲ. “ನಾಯಿ ಹಿಡ್ದಿರೋದು ಕಣ್ರೀ ಸುಧಕ್ಕ, ಸುಮ್ನೆ ಗಾಬ್ರಿ ಎಬ್ಬಿಸ್ಬೇಡಿ,” ಅಂದರು ಚೇತನ್ ಸರ್. ಹಾಗೆ ಹೇಳುವಾಗ ಅವರು ಜಿಂಕೆಯನ್ನು ನೋಡುತ್ತಿರಲಿಲ್ಲ, ಕಂದಕವನ್ನು ನೋಡುತ್ತಿದ್ದರು. ಗೆಸ್ಟುಗಳು ಏಳುವುದರೊಳಗೆ ಅದನ್ನು ಸಾಗಿಸಿ, ರಕ್ತ ಆಗಿದ್ದ ನಾಲ್ಕು ಚಾಪೆ ತೆಗೆದು ಬೇರೆ ಹಾಸಿದೆವು. ಅವತ್ತು ಬಂದ ಜಿಂಕೆಗಳು ಆ ಜಾಗವನ್ನು ಸುತ್ತು ಹಾಕಿ ಮೇದವು.

ಫಾರೆಸ್ಟಿನ ವಾಚರ್ ಚಿಕ್ಕಮಾದು ದಿನಾ ಇಲ್ಲಿಗೆ ಟೀಗೆ ಬರುತ್ತಾನೆ. ಅವನಿಗೆ ಒಂದು ಮಾತು ಹೇಳಿದರೆ ಸಾಕು. ಹೇಳಿದರೆ ಇಲಾಖೆಯವರು ಬಂದು ಬಾಗಿಲು ಹಾಕಿಸುತ್ತಾರೆ, ಮದುವೆ ಬೇರೆ ಕಡೆ ಹೋಗುತ್ತದೆ, ನನ್ನ ಕೆಲಸವೂ ಹೋಗುತ್ತದೆ. ಲಾನ್ ಗೆದ್ದರೆ ನನ್ನನ್ನು ಖಾಯಂ ಮಾಡಿ ಹಿಂದಿನ ಸಾಲಿನಲ್ಲಿ ಒಂದು ಕೋಣೆ ಕೊಡುತ್ತೇನೆ ಎಂದು ಚೇತನ್ ಸರ್ ಹೇಳಿದ್ದಾರೆ. ಗಂಡನ ಮನೆಯಲ್ಲಿ ನಾನು ಹೇಗೆ ಬಾಳಿದೆ ಎಂದು ನೀನು ಕಂಡಿದ್ದೀಯ. ಒಳಗಿನಿಂದ ಚಿಲಕ ಹಾಕಿಕೊಂಡು ನಿದ್ದೆ ಮಾಡುವ ಒಂದು ಕೋಣೆಗೆ ನಾನು ಎಷ್ಟು ಆಸೆ ಪಟ್ಟಿದ್ದೇನೆ ಎಂಬುದೂ ನಿನಗೆ ಗೊತ್ತು. ಚಿಕ್ಕಮಾದುಗೆ ಹೇಳುತ್ತೇನೆ. ಇವತ್ತು ಮಾತ್ರ ಬಾಯಿ ಬರುತ್ತಿಲ್ಲ.

ನಿನ್ನೆಯಿಂದ ರಾಚಮ್ಮ ಕೂತರೆ ನಾನು ನಿಲ್ಲುತ್ತೇನೆ, ನಾನು ಕೂತರೆ ಅವಳನ್ನು ನಿಲ್ಲಿಸುತ್ತೇನೆ. ಯಾಕೆ ಎಂದು ಕೇಳಿದಳು, ಸೊಂಟ ನೋವು ಅಂದೆ. ನಿಂತಾಗ ಕಾಡಿನ ಅಂಚಿನ ಲಂಟಾನ ಪೊದೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಕೂತಾಗ ಬೆನ್ನಿನ ಮೇಲೆ ಯಾರೋ ಕಣ್ಣಿಟ್ಟಿದ್ದಾರೆ ಅನ್ನಿಸುತ್ತದೆ. ನನಗೆ ಬಹಳ ಹೆದರಿಕೆಯಾಗುತ್ತಿದೆ, ಪವಿ.

ಅವ್ವನಿಗೆ ಕೆಲಸ ಮುಂದಕ್ಕೆ ಹೋಯಿತು ಎಂದಷ್ಟೇ ಹೇಳು. ಸಂಕ್ರಾಂತಿಗೆ ಸಿಂಧುಗೆ ನನ್ನ ಹೆಸರಿನಲ್ಲಿ ಒಂದು ಸಕ್ಕರೆ ಅಚ್ಚು ಜಾಸ್ತಿ ಕೊಡು.

ನಿನ್ನ ಅಕ್ಕ,
ಸುಧಾ

ತಾ.ಕ.: ಕಾಗದ ಮಡಿಸುವ ಮೊದಲು ಇನ್ನೊಂದು ಸಲ ಓದಿದೆ. ಇಷ್ಟು ಓದಿದರೆ ನೀನು ಬರದೆ ಇರುವವಳಲ್ಲ. ಅಕ್ಕ ಅಪಾಯದಲ್ಲಿದ್ದಾಳೆ ಎಂದು ಕರೆದುಕೊಂಡು ಹೋಗಲು ಅದೇ ಲಾರಿ ಹತ್ತುತ್ತೀಯ. ಅದಕ್ಕೆ ಮುಚ್ಚಿಟ್ಟಿದ್ದನ್ನೂ ಬರೆಯುತ್ತೇನೆ, ನಿನಗೆ ನನ್ನ ಮೇಲೆ ಅಸಹ್ಯ ಹುಟ್ಟಿದರೆ ಹುಟ್ಟಲಿ. ಹೆಜ್ಜೆ ನನಗೆ ಮೊದಲು ಕಂಡದ್ದು ಬುಧವಾರ ಅಲ್ಲ, ಅದರ ಹಿಂದಿನ ಶುಕ್ರವಾರ. ಅವತ್ತೂ ರೋಲರ್ ಎಳೆದೆ. ಜನ ಸಾಲದು, ಸಿಂಧೂನೂ ಕರೆದುಕೊಂಡು ಬಾ, ಆಟ ಆಡಲು ಹುಲ್ಲಿದೆ ಎಂದು ನಿನಗೆ ಫೋನ್ ಮಾಡಿದ್ದು ಭಾನುವಾರ. ಸಾಲಿನಲ್ಲಿ ಬಗ್ಗಿದ ಬೆನ್ನು ಹೆಚ್ಚಾದಷ್ಟೂ ನನ್ನದು ಉಳಿದೀತು ಎಂದುಕೊಂಡು ನಿನ್ನನ್ನು ಕರೆದೆ.