ಹನ್ನೆರಡು ದಾಟಿದ ಹುಡುಗಿಯರ ಲೆಕ್ಕ

ಪುಟ್ಟಿಗೆ ಸೋದರಮಾವನ ಆಶೀರ್ವಾದ.

ಜಿಲ್ಲೆಯ ಹಳೆಯ ಜನಸಂಖ್ಯೆಯ ಬಗ್ಗೆ ನೀನು ಬರೆದ ಪುಸ್ತಕದ ಕರಡು ಓದಿದೆ. ನೀನು ಅಂಕಿಅಂಶ ತೆಗೆದುಕೊಂಡ ಆ ಜನಗಣತಿಯಲ್ಲಿ ನಾಲ್ಕು ಹಳ್ಳಿ ಎಣಿಸಿದವನು ನಾನೇ. ಬರೀ ಏಳನೇ ತರಗತಿ ಓದಿದವನು ಮೂರೇ ದಿನದಲ್ಲಿ ಮುಗಿಸಿ ಗಣತಿ ಸಾಹೇಬರಿಂದ ಕೈ ಕುಲುಕಿಸಿಕೊಂಡೆ. ಅರವತ್ತು ವರ್ಷದವರು ಅಷ್ಟೊಂದು ಜನ ಯಾಕೆ ಎಂದು ತಲೆ ಕೆಡಿಸಿಕೊಂಡಿದ್ದೀಯ. ಹಲ್ಲು ಬಿದ್ದವರಿಗೆಲ್ಲ ಅರವತ್ತು ಹಾಕಿದ್ದು ನಾನು. ನಗು ಬಂದರೆ ನಕ್ಕುಬಿಡು.

ಆದರೆ ಹನ್ನೆರಡು ದಾಟಿದ ಹುಡುಗಿಯರು ಜ್ವರದಿಂದ ಸತ್ತು ಕಡಿಮೆಯಾದರು ಎಂದು ಬರೆದಿದ್ದೀಯಲ್ಲ, ಅದು ಸುಳ್ಳು. ಮದುವೆಯಾಗದ ಮಗಳು ಮನೆಯಲ್ಲಿದ್ದಾಳೆ ಎನ್ನಲು ಅಪ್ಪಂದಿರಿಗೆ ಅವಮಾನ. "ಗಂಡು ಮೂರು, ಹೆಣ್ಣು ಯಾವ್ದೂ ಇಲ್ಲ, ಬರ್ಕೊಳ್ಳಪ್ಪ" ಅನ್ನುತ್ತಿದ್ದರು. ಅಷ್ಟರಲ್ಲಿ ಅದೇ ಮಗಳು ಒಳಗಿಂದ ನನಗೆ ನೀರು ತಂದುಕೊಡುತ್ತಿದ್ದಳು. ನೀರು ಕುಡಿದು, ಇಲ್ಲ ಎಂದೇ ಬರೆದುಕೊಂಡೆ.

ನಮ್ಮ ಮನೆಯನ್ನೂ ನಾನೇ ಎಣಿಸಿದೆ. "ಅವಳ್ನ ಬಿಟ್ಬಿಡೋ, ಊರಿಗೆಲ್ಲ ಗೊತ್ತಾಗ್ಬೇಕಾ?" ಎಂದರು ನಿನ್ನ ಅಜ್ಜ. ಬಾಗಿಲ ಬಳಿ ನಿಂತಿದ್ದ ನಿನ್ನ ಅಮ್ಮ, "ಅಣ್ಣ, ನನ್ನೂ ಬರ್ಕೊಳ್ಳೋ" ಅಂದಳು. ಅವಳಿಗಾಗ ಹದಿನಾಲ್ಕು. ನಾನು ಬರೆಯಲಿಲ್ಲ. ಇಂಥ ಕೈಯನ್ನೇ ಸಾಹೇಬರು ಕುಲುಕಿದ್ದು, ಥೂ!

ಮುದ್ರಣಕ್ಕೆ ಕೊಡುವ ಮೊದಲು ಜ್ವರದ ಸಾಲು ಹೊಡೆದುಹಾಕು. ಎಣಿಸಲು ಹೋದವನೇ ಹುಡುಗಿಯರನ್ನು ಲೆಕ್ಕದಿಂದ ಬಿಟ್ಟುಬಂದ ಎಂದು ನನ್ನ ಹೆಸರು ಹಾಕಿಯೇ ಬರೆ. ಕೃತಜ್ಞತೆಯ ಪುಟದಿಂದ ಮಾತ್ರ ನನ್ನನ್ನು ತೆಗೆ. ಅಮ್ಮನ ವಿಷಯ ಸೇರಿಸುವುದಾದರೆ ಮೊದಲು ಅವಳನ್ನು ಕೇಳು. ಈ ಸಲವಾದರೂ ಅವಳು ಹೇಳಿದ್ದನ್ನೇ ಬರೆಯಬೇಕು.

ಇಷ್ಟೇ,
ನಿನ್ನ ಮಾವ