ನೀವೇನಂತೀರಿ?

ರಾಜಾಜಿನಗರ, ಬೆಂಗಳೂರು
14-8-1974

ಚಿ. ಸೌ. ಜಯದೇವಿಗೆ ನಿನ್ನ ಅವ್ವನ ಆಶೀರ್ವಾದ.

ಇತ್ತ ಎಲ್ಲರೂ ಕ್ಷೇಮ ಎಂದು ಬರೆಯಹೋಗಿ ಕೈ ನಿಂತಿತು. ಎಲ್ಲರೂ ಎಂದರೆ ಈಗ ನಾನೊಬ್ಬಳೇ ತಾನೆ.

ನಿಮ್ಮಪ್ಪ ಹೋಗಿ ತಿಂಗಳಾಗಿಲ್ಲ, ಆಗಲೇ ಮೂರು ಸಭೆಗಳಾದವು. ನಿನ್ನೆಯದು ವಿಜಯನಗರದಲ್ಲಿ. ಎಲ್ಲರ ಬಾಯಲ್ಲೂ ಒಂದೇ ಮಾತು: ಅಷ್ಟು ದೊಡ್ಡ ಚಿಂತಕರು, ಅಷ್ಟು ಪುಸ್ತಕ ಬರೆದವರು, ಆದರೂ ಮಾತು ಮುಗಿಸಿ, ಎದುರಿಗಿದ್ದವರತ್ತ ಬಾಗಿ, "ನೀವೇನಂತೀರಿ?" ಎಂದು ಕೇಳದೆ ಬಿಡುತ್ತಿರಲಿಲ್ಲ. ಕಾರ್ಖಾನೆಯ ವೆಂಕಟಸ್ವಾಮಿ ನನ್ನ ಕಡೆ ತಿರುಗಿ, "ಲೇತ್ ಮುಂದೆ ನಿಲ್ಲೋ ನನ್ನನ್ನೂ ಕೇಳಿದ್ರು ಕಣಮ್ಮ. ಅವತ್ತಿಂದ ನಾನೂ ಮನುಷ್ಯ ಅನ್ನಿಸ್ತು" ಎಂದು ಮೈಕ್ ಹಿಡಿದೇ ಅತ್ತುಬಿಟ್ಟ. ಸಭೆಯೆಲ್ಲ ಕಣ್ಣೊರೆಸಿಕೊಂಡಿತು. ನಾನೂ ಒರೆಸಿಕೊಂಡೆ. ನನ್ನ ಅಳು ಬೇರೆಯದು.

ಆ ಮಾತನ್ನು ಮೂವತ್ತೆರಡು ವರ್ಷ ಕಾಫಿ ತಟ್ಟೆ ಹಿಡಿದು, ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳಿದವಳು ನಾನು. ನನ್ನತ್ತ ಅದು ಒಮ್ಮೆಯೂ ಬರಲಿಲ್ಲ. ದಾವಣಗೆರೆ ಬಿಟ್ಟು ಇಲ್ಲಿಗೆ ಬರುವಾಗ ಕೇಳಲಿಲ್ಲ. ನಿನ್ನ ಮದುವೆ ಗೊತ್ತುಮಾಡುವಾಗ ನನ್ನನ್ನಿರಲಿ, ನಿನ್ನನ್ನೂ ಕೇಳಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನೋಣವೆಂದರೆ ಮಾರಿಯೂ ಅಲ್ಲ ಪುಣ್ಯಾತ್ಮ. ಒಂದು ದಿನ ಗದರಿದವರಲ್ಲ. ಅದೇ ಕಷ್ಟ. ಬೈದುಕೊಳ್ಳಲೂ ಆಗದೆ ಉಳಿದುಬಿಟ್ಟೆ.

ಈಗ ಅವರ ಶಿಷ್ಯ ಕರಿಬಸಪ್ಪ ಬಂದು, "ಒಂದನೇ ತಾರೀಕಿನ ಸಭೇಲಿ ನೀವೇ ಮಾತಾಡ್ಬೇಕಮ್ಮ. ಮನೇಲಿ ಸಾರ್ ನಿಮ್ಮ ಹತ್ರ ಏನೇನ್ ಹೇಳ್ತಿದ್ರು, ಎರಡೇ ಮಾತು ಸಾಕು" ಎಂದ. ಆಗಲೇ ಕರಪತ್ರಕ್ಕೆ ನನ್ನ ಹೆಸರು ಕೊಟ್ಟುಬಂದಿದ್ದಾನೆ. ಅವನೂ ನನ್ನನ್ನು ಕೇಳಲಿಲ್ಲ ನೋಡು.

ಹುಡುಕಿದೆ ಜಯಾ. "ಉಪ್ಪು ಕಡಿಮೆ." "ಕೊಡೆ ಎಲ್ಲಿ?" "ಯಾರೋ ಬಂದಾರೆ, ಕಾಫಿ." ಇಷ್ಟೇ ಸಿಕ್ಕಿದ್ದು. ಇದನ್ನೇ ಮೈಕಿನ ಮುಂದೆ ಹೇಳಲೇ? ನಿನ್ನ ಹತ್ತಿರವಾದರೂ ಯಾವತ್ತಾದರೂ ಒಂದು ಮಾತು ಆಡಿದ್ದರೆ ಬರೆದು ಕಳಿಸು, ನನ್ನ ಹತ್ತಿರ ಆಡಿದ್ದೆಂದೇ ಹೇಳಿಬಿಡುತ್ತೇನೆ. ಏನೂ ಇಲ್ಲದಿದ್ದರೆ ಕಾಗದ ಹಾಕಬೇಡ. ನನಗೆ ಗೊತ್ತಾಗುತ್ತದೆ.

ನಿನ್ನ ಅವ್ವ,
ಕಲ್ಯಾಣಮ್ಮ

ತಾ.ಕ.: ಒಮ್ಮೆಯೂ ಕೇಳಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಕೊನೆಯ ವಾರ ಅವರಿಗೆ ಯಾರ ಗುರುತೂ ಸಿಗುತ್ತಿರಲಿಲ್ಲ. ದಿಂಬಿಗೆ ಒರಗಿಸಿ ಕೂರಿಸಿದ್ದೆ. ನನ್ನನ್ನು ಯಾರೋ ನೋಡಲು ಬಂದವರೆಂದು ತಿಳಿದು, ಮುಂದೆ ಬಾಗಿ, ಎಷ್ಟು ಮರ್ಯಾದೆಯಿಂದ ಕೇಳಿದರು ಗೊತ್ತೇ, "ನೀವೇನಂತೀರಿ?" ಎಂದು. ನನ್ನ ಮುಖವನ್ನೇ ನೋಡುತ್ತ ಕಾದರು. ಎಷ್ಟೊಂದು ಹೇಳುವುದಿತ್ತು. "ಕಾಫಿ ತರ್ತೀನಿ" ಎಂದು ಎದ್ದು ಒಳಗೆ ಹೋದೆ.